ಲೋಪಸಂಧಿ ಬಲ್ಲವರಿಗೆ ಗ್ಯಾಸ್ಟ್ರೈಟಿಸ್

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ರಿಪೋರ್ಟಿನ ಕೊನೆಯಲ್ಲಿ ಕೆಲವೊಮ್ಮೆ ಒಂದೇ ಒಂದು ಪದ ಇರುತ್ತದೆ: ಹೆಪಟೊಸ್ಪ್ಲೀನೊಮೆಗಲಿ. ರಿಪೋರ್ಟು ಕೈಗೆ ಬಂದು ಡಾಕ್ಟರು ಸಿಗುವ ತನಕ ಮನೆಯವರಿಗೆ ಜೀವದಲ್ಲಿ ಜೀವ ಇರುವುದಿಲ್ಲ. ಹೆಸರು ಉದ್ದವಾದಷ್ಟೂ ಕಾಯಿಲೆ ದೊಡ್ಡದು ಎಂಬ ಭಯ ನಮ್ಮಲ್ಲಿ ಬಹಳ ಜನಕ್ಕಿದೆ. ಬಿಡಿಸಿ ನೋಡಿದರೆ ಅಲ್ಲಿರುವುದು ಮೂರು ತುಂಡು. ಗ್ರೀಕಿನಲ್ಲಿ ಹೆಪಾರ್ ಅಂದರೆ ಪಿತ್ತಜನಕಾಂಗ, ಸ್ಪ್ಲೀನ್ ಅಂದರೆ ಗುಲ್ಮ, ಮೆಗಾಸ್ ಅಂದರೆ ದೊಡ್ಡದು. ಪಿತ್ತಜನಕಾಂಗವೂ ಗುಲ್ಮವೂ ಇರಬೇಕಾದ್ದಕ್ಕಿಂತ ದೊಡ್ಡದಾಗಿವೆ ಎಂದು ಸ್ಕ್ಯಾನ್ ಮಾಡಿದವರು ಬರೆದಿದ್ದಾರೆ, ಅಷ್ಟೇ. ಮಲೇರಿಯಾದಿಂದಲೋ ಟೈಫಾಯ್ಡಿನಿಂದಲೋ ರಕ್ತದ ಬೇರೇನೋ ತೊಂದರೆಯಿಂದಲೋ ಎಂಬುದನ್ನು ಆ ಪದ ಹೇಳುವುದಿಲ್ಲ. ಅದನ್ನು ಡಾಕ್ಟರೇ ಹೇಳಬೇಕು. ಆದರೆ ಕಂಡದ್ದೇನು ಎಂಬುದಂತೂ ಪದದಲ್ಲೇ ಬಿಚ್ಚಿಟ್ಟಿದೆ.

ಈ ಮೂರು ತುಂಡುಗಳನ್ನು ನಾನು ಬೇಕೆಂದೇ ಆರಿಸಿಕೊಂಡೆ. ಪಿತ್ತಜನಕಾಂಗಕ್ಕೆ ನಮ್ಮಲ್ಲಿ ಯಕೃತ್ತು ಎಂದೂ ಹೆಸರಿದೆ, ಗುಲ್ಮಕ್ಕೆ ಪ್ಲೀಹ ಎಂದೂ ಹೆಸರಿದೆ. ಹೆಪಾರ್ ಮತ್ತು ಯಕೃತ್ ಒಂದೇ ಮೂಲದಿಂದ ಒಡೆದು ಬಂದ ಪದಗಳು. ಸ್ಪ್ಲೀನ್ ಮತ್ತು ಪ್ಲೀಹವೂ ಹಾಗೆಯೇ. ಮೆಗಾಸ್ ನಮ್ಮ ಮಹತ್ತಿನ ದಾಯಾದಿ. ಅಂದರೆ ಭಯ ಹುಟ್ಟಿಸಿದ ಆ ಪದದ ಒಂದೊಂದು ತುಂಡಿಗೂ ಸಂಸ್ಕೃತದಲ್ಲಿ ನಂಟಿದೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳ ಮೂಲಕ ಆ ನಂಟು ನಮ್ಮ ಮನೆಯೊಳಗೂ ಇದೆ. ಕನ್ನಡದ್ದೇ ಕುಟುಂಬ ಬೇರೆ, ಅದು ದ್ರಾವಿಡ. ಆದರೆ ಹೈಸ್ಕೂಲಿನವರೆಗೆ ಕನ್ನಡ ಓದಿದವರ ಕಿಸೆಯಲ್ಲಿ ಈ ಸಂಸ್ಕೃತ ಪದಗಳ ದಾಸ್ತಾನು ಇದ್ದೇ ಇರುತ್ತದೆ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಹೇಳಿದ್ದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ, 1786ರ ಫೆಬ್ರವರಿಯಲ್ಲಿ. ಭಾಷಾಶಾಸ್ತ್ರದವರು ಅದನ್ನು ಮತ್ತೆ ಮತ್ತೆ ಓದುತ್ತಾರೆ. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸುಗಳಿಗೆ ಹಳ್ಳಿಗಳಿಂದ ಬರುವ ಮಕ್ಕಳಿಗೆ ಅದನ್ನು ಹೇಳಿಕೊಡುವವರು ಮಾತ್ರ ಕಡಿಮೆ. ಹೇಳಿಕೊಟ್ಟರೆ ಏನಾಗುತ್ತದೆ ನೋಡಿ. ಆಸ್ಟಿಯೊ ಅಂದರೆ ಮೂಳೆ. ಪಕ್ಕದಲ್ಲಿ ಅಸ್ಥಿ ಇಡಿ. ಡೆಂಟಲ್ ಪಕ್ಕದಲ್ಲಿ ದಂತ, ನೇಸಲ್ ಪಕ್ಕದಲ್ಲಿ ನಾಸಿಕ. ಎಂಟರೈಟಿಸ್‌ನ ಎಂಟೆರಾನ್ ಅಂದರೆ ಕರುಳು. ಟೈಫಾಯ್ಡಿಗೆ ಆಂತ್ರಜ್ವರ ಎನ್ನುವಾಗ ನಾವು ಬಳಸುವುದೂ ಅದರ ಬಂಧುವನ್ನೇ. ಕೆಂಪು ರಕ್ತಕಣಕ್ಕೆ ಎರಿಥ್ರೋಸೈಟ್ ಎನ್ನುತ್ತಾರೆ. ಎರಿಥ್ರೋಸ್ ಅಂದರೆ ಕೆಂಪು, ಅದೇ ಬೇರಿನಿಂದ ನಮಗೆ ರುಧಿರ ಬಂದಿದೆ. ವೃದ್ಧರ ಚಿಕಿತ್ಸೆಗೆ ಜೆರಿಯಾಟ್ರಿಕ್ಸ್ ಎಂದು ಹೆಸರು. ಅದರ ಮೊದಲ ತುಂಡಿನಲ್ಲಿ ಕೂತಿರುವುದು ಜರೆ ಎಂಬ ಮುಪ್ಪಿನ ಬಂಧು. ಹೀಗೆ ಕಲಿತ ಪದ ಪರೀಕ್ಷೆ ಮುಗಿದ ಮಾರನೆಯ ದಿನ ಮರೆತುಹೋಗುವುದಿಲ್ಲ.

ಇನ್ನೂ ಸೊಗಸಾದದ್ದು ಮುಂದಿನ ತುಂಡುಗಳದ್ದು, ಅಂದರೆ ನಾವು ಉಪಸರ್ಗ ಎಂದು ಕಲಿಯುವಂಥವು. ಇಲ್ಲ ಎನ್ನಲು ಗ್ರೀಕಿನಲ್ಲಿ ಅ ಸೇರಿಸುತ್ತಾರೆ; ಮುಂದೆ ಸ್ವರ ಬಂದರೆ ಅನ್. ನಮ್ಮಲ್ಲೂ ಅಕಾಲ, ಅಶಕ್ತ. ಸ್ವರ ಬಂದರೆ ಅನಾರೋಗ್ಯ, ಅನಾಹಾರ. ನಿಯಮ ಕೂಡ ಒಂದೇ! ಅನೀಮಿಯ ಎಂಬಲ್ಲಿ ಅನ್ ಮುಂದಿದೆ, ರಕ್ತ ಎಂಬರ್ಥದ ಹೈಮ ಹಿಂದಿದೆ. ಅನಸ್ತೀಸಿಯ ಎಂಬಲ್ಲಿ ಅದೇ ಅನ್, ಜೊತೆಗೆ ಸಂವೇದನೆ. ಕೆಟ್ಟದು, ಕಷ್ಟದ್ದು ಎನ್ನಲು ಗ್ರೀಕರ ಡಿಸ್, ನಮ್ಮ ದುಸ್: ಡಿಸೆಂಟ್ರಿ, ಡಿಸ್ಪ್ನಿಯ ಒಂದು ಕಡೆ, ದುರ್ಬಲ, ದುಸ್ಥಿತಿ ಇನ್ನೊಂದು ಕಡೆ. ಸುತ್ತಲಿನದ್ದು ಎನ್ನಲು ಅವರಿಗೆ ಪೆರಿ, ನಮಗೆ ಪರಿ. ಹೃದಯವನ್ನು ಸುತ್ತಿಕೊಂಡ ಪೊರೆ ಪೆರಿಕಾರ್ಡಿಯಂ, ಊರನ್ನು ಸುತ್ತಿಕೊಂಡದ್ದು ಪರಿಸರ.

ಹೈಪರ್, ಹೈಪೊ ಎಂಬ ಜೋಡಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ, ಅರ್ಥ ತೀರಾ ಎದುರುಬದುರು. ಹೈಪರ್‌ಗ್ಲೈಸೀಮಿಯ ಅಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚು, ಹೈಪೊಗ್ಲೈಸೀಮಿಯ ಅಂದರೆ ಸಕ್ಕರೆ ಕಡಿಮೆ. ಇನ್ಸುಲಿನ್ ಚುಚ್ಚಿಕೊಳ್ಳುವ ಮನೆಯಲ್ಲಿ ಇವೆರಡನ್ನು ಅದಲುಬದಲು ಮಾಡಿಕೊಂಡರೆ ಪ್ರಾಣಕ್ಕೇ ಅಪಾಯ. ಸಕ್ಕರೆ ಕುಸಿದವರಿಗೆ ಕೂಡಲೇ ಸಿಹಿ ಕೊಡಬೇಕು, ಏರಿದವರಿಗೆ ಕೊಡಬಾರದು. ಹೈಪರ್ ಎಂಬುದು ಉಪರಿಯ ಬಂಧು, ಮೇಲಿನದ್ದು. ಹೈಪೊ ಎಂಬುದು ಉಪದ ಬಂಧು, ಉಪಾಧ್ಯಕ್ಷ ಎಂಬಲ್ಲಿರುವ ಹಾಗೆ ಕೆಳಗಿನದ್ದು. ‘ಉಪರಿ ಮೇಲೆ, ಉಪ ಕೆಳಗೆ’ ಎಂದು ಒಮ್ಮೆ ಬಾಯಲ್ಲಿ ಹೇಳಿಕೊಂಡ ವಿದ್ಯಾರ್ಥಿನಿ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲೂ ತಡವರಿಸುವುದಿಲ್ಲ.

ಹಾಗೆಂದು ಅರ್ಥ ಒಂದೇ ಆದದ್ದೆಲ್ಲ ಒಂದೇ ಬೇರಿನದ್ದಲ್ಲ. ಡಯಾಬಿಟಿಸ್ ಮೆಲಿಟಸ್ ಎಂಬುದರ ಮೆಲಿಟಸ್ ಅಂದರೆ ಜೇನಿನಂತೆ ಸಿಹಿಯಾದದ್ದು. ನಮ್ಮದು ಮಧುಮೇಹ, ಅದೂ ಜೇನೇ. ಬೇರು ಮಾತ್ರ ಬೇರೆ ಬೇರೆ. ಮಧುವಿನ ಗ್ರೀಕ್ ಬಂಧು ಮೆಥು, ಅದರ ಅರ್ಥ ಮದ್ಯ. ಎರಡು ನಾಡಿನವರೂ ರೋಗಿಯ ಮೂತ್ರದಲ್ಲಿ ಸಿಹಿಯನ್ನು ತಾವಾಗಿಯೇ ಗುರುತಿಸಿ ಹೆಸರಿಟ್ಟರು. ಚರಕ, ಸುಶ್ರುತರ ಸಂಹಿತೆಗಳಲ್ಲಿ ಆ ಹೆಸರು ಆಗಲೇ ಇತ್ತು. ಯುರೋಪಿನಲ್ಲಿ ಆ ಸಿಹಿಯನ್ನು ಒತ್ತಿ ಹೇಳಿದವರು 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲಿಸ್. ಸಿಹಿಯಿಲ್ಲದೆ ಬರೀ ನೀರಿನಂತೆ ಹರಿಯುವ ಇನ್ನೊಂದು ಕಾಯಿಲೆಗೆ ಡಯಾಬಿಟಿಸ್ ಇನ್ಸಿಪಿಡಸ್, ರುಚಿಯಿಲ್ಲದ್ದು, ಎಂದು ಹೆಸರು. ಯಂತ್ರಗಳಿಲ್ಲದ ಕಾಲದ ವೈದ್ಯರ ನಾಲಗೆಯ ಸಾಕ್ಷ್ಯ ಆ ಎರಡು ಹೆಸರುಗಳಲ್ಲಿ ಉಳಿದಿದೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಕಿಡ್ನಿಯ ಡಾಕ್ಟರು ನೆಫ್ರಾಲಜಿಸ್ಟ್, ಕಿಡ್ನಿ ಕೈಕೊಟ್ಟರೆ ಅದು ರೀನಲ್ ಫೇಲ್ಯೂರ್. ಒಂದೇ ಅಂಗಕ್ಕೆ ಎರಡು ಹೆಸರೇಕೆ? ನೆಫ್ರೋಸ್ ಗ್ರೀಕ್, ರೆನ್ ಲ್ಯಾಟಿನ್. ಹಿಪೊಕ್ರಟೀಸನ ಕಾಲದಿಂದ ಗ್ಯಾಲೆನ್‌ವರೆಗೆ, ಸುಮಾರು 600 ವರ್ಷ, ರೋಗಗಳ ಬಗ್ಗೆ ಬರೆದ ದೊಡ್ಡ ವೈದ್ಯರ ಭಾಷೆ ಗ್ರೀಕ್. ಗ್ಯಾಲೆನ್ ರೋಮಿನಲ್ಲಿ ಕೂತು ಬರೆದದ್ದೂ ಗ್ರೀಕಿನಲ್ಲೇ. ಮುಂದೆ ಯುರೋಪಿನ ವಿಶ್ವವಿದ್ಯಾಲಯಗಳು ಲ್ಯಾಟಿನ್ ಹಿಡಿದವು. ಶರೀರವನ್ನು ಕೊಯ್ದು ನೋಡಿ, ಚಿತ್ರ ಬರೆಸಿ ಆಂಡ್ರಿಯಾಸ್ ವೆಸೇಲಿಯಸ್ 1543ರಲ್ಲಿ ಅಚ್ಚು ಹಾಕಿಸಿದ ಮಹಾಗ್ರಂಥ ಲ್ಯಾಟಿನ್ನಿನದು. ಹಾಗಾಗಿ ಅಂಗರಚನೆಯ ಹೆಸರುಗಳಲ್ಲಿ ಲ್ಯಾಟಿನ್ ಹೆಚ್ಚು, ಕಾಯಿಲೆ ಮತ್ತು ಶಸ್ತ್ರಕ್ರಿಯೆಗಳ ಹೆಸರುಗಳಲ್ಲಿ ಗ್ರೀಕ್ ಹೆಚ್ಚು. ಕಿಡ್ನಿಗೆ ರಕ್ತ ಒಯ್ಯುವ ನಾಳ ರೀನಲ್ ಆರ್ಟರಿ, ಕಿಡ್ನಿಯ ಉರಿಯೂತ ನೆಫ್ರೈಟಿಸ್. ಗರ್ಭಕೋಶ ಯೂಟರಸ್, ಅದನ್ನು ತೆಗೆಯುವುದು ಹಿಸ್ಟರೆಕ್ಟಮಿ. ಈ ಸಾಮಾನ್ಯ ನಿಯಮಕ್ಕೆ ಅಪವಾದಗಳುಂಟು, ಆದರೂ ತಿಳಿದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಒಂದು ಕಾಲದಲ್ಲಿ ಅಂಗರಚನೆಯಲ್ಲಿ ಒಂದೊಂದು ಭಾಗಕ್ಕೂ ಊರಿಗೊಂದು ಹೆಸರಿದ್ದು, ಒಟ್ಟು ಸುಮಾರು 50,000 ಹೆಸರು ಚಾಲ್ತಿಯಲ್ಲಿದ್ದವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತಜ್ಞರು ಕೂಡಿ ಅವನ್ನು ಐದು ಸಾವಿರದ ಆಸುಪಾಸಿಗೆ ಇಳಿಸಿದರು.

ಇನ್ನು ಓದುವ ಕ್ರಮ. ವೈದ್ಯಪದವನ್ನು ಬಾಲದಿಂದ ಓದಬೇಕು. ಕನ್ನಡಿಗರಿಗೆ ಇದು ಹೊಸದಲ್ಲ. ತಲೆನೋವು ಅಂದರೆ ತಲೆಯಲ್ಲ, ನೋವು. ತತ್ಪುರುಷ ಸಮಾಸದಲ್ಲಿ ಉತ್ತರಪದದ್ದೇ ಪ್ರಾಧಾನ್ಯ ಎಂದು ಮೇಷ್ಟ್ರು ಕಲಿಸಿದ್ದು ಇಲ್ಲಿ ಹಾಗೆಯೇ ಒದಗುತ್ತದೆ. ಡಾಕ್ಟರು ತಲೆನೋವಿಗೆ ಬರೆಯುವ ಸೆಫಲಾಲ್ಜಿಯ ಎಂಬ ಪದದಲ್ಲೂ ಮೊದಲು ತಲೆ, ಆಮೇಲೆ ನೋವು. ಸಂಧಿಯೂ ಅಷ್ಟೇ. ಹೊಟ್ಟೆಗೆ ಗ್ಯಾಸ್ಟ್ರೊ. ವ್ಯಂಜನ ಎದುರಾದರೆ ಕೊನೆಯ ಒಕಾರ ಉಳಿಯುತ್ತದೆ: ಗ್ಯಾಸ್ಟ್ರೊಸ್ಕೋಪಿ. ಸ್ವರ ಎದುರಾದರೆ ಬಿದ್ದುಹೋಗುತ್ತದೆ: ಗ್ಯಾಸ್ಟ್ರೊ, ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್. ಊರು, ಅಲ್ಲಿ ಸೇರಿ ಊರಲ್ಲಿ ಆದಂತೆ, ಶುದ್ಧ ಲೋಪಸಂಧಿ. ಆದರೆ ಎರಡು ಅಂಗಗಳ ಹೆಸರು ಜೊತೆಯಾದಾಗ ಸ್ವರ ಬಂದರೂ ಒಕಾರ ಬಿಡುವುದಿಲ್ಲ, ಗ್ಯಾಸ್ಟ್ರೊಎಂಟರೈಟಿಸ್ ಎಂದೇ ಹೇಳಬೇಕು. ಸಂಧಿ ಆಗಬಹುದಾದಲ್ಲಿ ಆಗದೆ ನಿಂತರೆ ನಮ್ಮ ವ್ಯಾಕರಣದಲ್ಲಿ ಅದಕ್ಕೆ ಪ್ರಕೃತಿಭಾವ ಎಂದು ಹೆಸರಿದೆಯಲ್ಲ! ಅರಿಸಮಾಸವೂ ಇಲ್ಲಿ ಬೇಕಾದಷ್ಟು. ಮುಖತಾವರೆ ಎಂದರೆ ಕನ್ನಡ ಪಂಡಿತರು ಮುಖಕಮಲ ಅನ್ನಿ, ಇಲ್ಲವೇ ಮೊಗದಾವರೆ ಅನ್ನಿ ಎಂದು ತಿದ್ದುತ್ತಾರೆ. ಹೈಪರ್‌ಟೆನ್ಷನ್ ಎಂಬುದು ಗ್ರೀಕ್ ತಲೆಗೆ ಲ್ಯಾಟಿನ್ ಮೈ ಕೂಡಿಸಿದ್ದು, ಅಪೆಂಡೆಕ್ಟಮಿ ಲ್ಯಾಟಿನ್ ತಲೆಗೆ ಗ್ರೀಕ್ ಬಾಲ ಕಟ್ಟಿದ್ದು. ಅಲ್ಲಿನ ಪಂಡಿತರೂ ಇಂಥವಕ್ಕೆ ಮುಖ ಸಿಂಡರಿಸಿದ್ದುಂಟು, ಪದಗಳು ನಿಂತೇಬಿಟ್ಟವು.

ಬಾಲಗಳಲ್ಲಿ ನಮ್ಮ ಜನ ಹೆಚ್ಚು ಬಳಸುವುದು ಐಟಿಸ್. ಮೊದಲಿಗೆ ಗ್ರೀಕಿನಲ್ಲಿ ಅದಕ್ಕೆ ‘ಸಂಬಂಧಪಟ್ಟದ್ದು’ ಎಂದಷ್ಟೇ ಅರ್ಥ. ಕೀಲಿಗೆ ಸಂಬಂಧಪಟ್ಟ ಕಾಯಿಲೆ ಆರ್ಥ್ರೈಟಿಸ್. ಕಾಲಕ್ರಮದಲ್ಲಿ ಅದು ಉರಿಯೂತಕ್ಕೇ ಮೀಸಲಾಯಿತು. ಉರಿಯೂತದ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಓಸಿಸ್ ಎಂಬ ಬಾಲ ಬೇರೆ. ಅದು ಒಂದು ಸ್ಥಿತಿಯನ್ನು ಹೇಳುತ್ತದೆ, ಹಲವೆಡೆ ಸವೆತವನ್ನು. ಕುತ್ತಿಗೆ ನೋವು ಬಂದವರೆಲ್ಲ ‘ನನಗೆ ಸ್ಪಾಂಡಿಲೈಟಿಸ್’ ಎನ್ನುವುದು ವಾಡಿಕೆ. ವಯಸ್ಸಾದಂತೆ ಕುತ್ತಿಗೆಯ ಮಣಿಗಳು ಸವೆದು ಬರುವ ನೋವು ಬಹುಪಾಲು ಸ್ಪಾಂಡಿಲೋಸಿಸ್. ನಿಜವಾದ ಸ್ಪಾಂಡಿಲೈಟಿಸ್ ಉರಿಯೂತದ ಕಾಯಿಲೆ, ಆಂಕಿಲೋಸಿಂಗ್ ಎಂಬ ವಿಶೇಷಣದೊಡನೆ ಕಿರಿಯರನ್ನು ಕಾಡುವಂಥದ್ದು, ಅದರ ಔಷಧೋಪಚಾರವೇ ಬೇರೆ. ಮಣಿ ಜಾರಿದರೆ ಸ್ಪಾಂಡಿಲೊಲಿಸ್ತೀಸಿಸ್. ಒಂದೇ ಬೆನ್ನುಮಣಿ, ಮೂರು ಬಾಲ, ಮೂರು ದಾರಿ.

ಶಸ್ತ್ರಕ್ರಿಯೆಯಲ್ಲೂ ಮೂರು ಬಾಲಗಳು ಹತ್ತಿರ ಹತ್ತಿರ ಕೇಳುತ್ತವೆ. ಒಟಮಿ ಅಂದರೆ ಕೊಯ್ದು ತೆರೆಯುವುದು, ಎಕ್ಟಮಿ ಅಂದರೆ ಕೊಯ್ದು ಹೊರತೆಗೆಯುವುದು, ಆಸ್ಟಮಿ ಅಂದರೆ ಬಾಯಿ ಮಾಡುವುದು. ಗ್ರೀಕಿನ ಸ್ಟೋಮ ಬಾಯಿಯೇ. ಕೊಲೆಕ್ಟಮಿ ಎಂದರೆ ದೊಡ್ಡ ಕರುಳನ್ನು ತೆಗೆಯುತ್ತಾರೆ. ಕೊಲಾಸ್ಟಮಿ ಎಂದರೆ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿ ಚೀಲ ಜೋಡಿಸುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇದು ಯಾವುದೆಂದು ಗೊತ್ತಿರುವುದು ರೋಗಿಯ ಹಕ್ಕು ಎಂದೇ ನಾನು ನಂಬಿದ್ದೇನೆ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್ಲೆಟ್ ಎಂಬ ಮಾತು ಮನೆಮಾತಾಗುತ್ತದೆ. ರಿಪೋರ್ಟಿನಲ್ಲಿ ಅದು ಥ್ರಾಂಬೊಸೈಟೊಪೀನಿಯ. ಥ್ರಾಂಬೋಸ್ ಹೆಪ್ಪು, ಸೈಟ್ ಕಣ, ಪೀನಿಯ ಬಡತನ. ರಕ್ತ ಹೆಪ್ಪುಗಟ್ಟಿಸುವ ಕಣಗಳ ಬಡತನ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕಾದ ಕಣಗಳು ಕೆಳಗಿಳಿದಿವೆ ಎಂದರ್ಥ.

ಜಾರಿ ಬೀಳುವ ಜಾಗಗಳೂ ಇವೆ. ಪೀಡಿಯಾಟ್ರಿಕ್ಸ್ ಎಂಬಲ್ಲಿ ಪೀಡಿ ಅಂದರೆ ಮಗು, ಗ್ರೀಕ್. ಪೆಡಲ್ ಎಡೀಮ ಎಂಬಲ್ಲಿ ಪೆಡ್ ಅಂದರೆ ಪಾದ, ಲ್ಯಾಟಿನ್, ನಮ್ಮ ಪಾದದ ಬಂಧು. ಆರ್ಥೊಪೀಡಿಕ್ಸ್ ಎಂದಾಗ ಕಾಲು ನೆನಪಾಗುತ್ತದೆ, ಆದರೆ ಅಲ್ಲಿರುವುದು ಮಗು. 1741ರಲ್ಲಿ ಫ್ರಾನ್ಸಿನ ನಿಕೊಲಾಸ್ ಆಂಡ್ರಿ ಮಕ್ಕಳ ಅಂಗವಿಕಾರ ತಿದ್ದುವ ಬಗೆಗೆ ಪುಸ್ತಕ ಬರೆದು, ನೆಟ್ಟಗೆ ಎಂಬುದನ್ನೂ ಮಗು ಎಂಬುದನ್ನೂ ಕೂಡಿಸಿ ಆ ಪದ ಕಟ್ಟಿದ. ಪೈಯೂರಿಯ ಎಂದರೆ ಮೂತ್ರದಲ್ಲಿ ಕೀವು, ಪೈರೆಕ್ಸಿಯ ಎಂದರೆ ಜ್ವರ; ಪೈ, ಪೈರ್ ಎಂಬ ಮೊದಲ ತುಂಡುಗಳ ನಡುವೆ ಇರುವುದು ಒಂದು ರಕಾರದ ಅಂತರ. ಸರ್ವೈಕಲ್ ಎಂದರೆ ಕುತ್ತಿಗೆಯದು, ಆದರೆ ಗರ್ಭಕೋಶಕ್ಕೂ ಒಂದು ಕುತ್ತಿಗೆ ಉಂಟು, ನಾವೂ ಗರ್ಭಕಂಠ ಎಂದೇ ಕರೆಯುತ್ತೇವೆ. ಓಮ ಎಂಬ ಬಾಲ ಕಂಡೊಡನೆ ಕ್ಯಾನ್ಸರ್ ಎಂದು ಹೆದರುವವರಿದ್ದಾರೆ. ಲೈಪೋಮ ಬರೀ ಕೊಬ್ಬಿನ ಗಂಟು, ಹೀಮಟೋಮ ಪೆಟ್ಟು ಬಿದ್ದಲ್ಲಿ ಕೂಡಿಕೊಂಡ ರಕ್ತ. ಲಿಂಫೋಮ, ಮೆಲನೋಮ ಮಾತ್ರ ಅದೇ ಬಾಲ ಹೊತ್ತಿದ್ದರೂ ಕ್ಯಾನ್ಸರೇ. ಇಂಥಲ್ಲಿ ಬರೀ ಬಾಲವನ್ನು ನಂಬಿ ನಿರ್ಧಾರಕ್ಕೆ ಬರಬಾರದು.

ಹಳೆಯ ತಪ್ಪು ತಿಳಿವಳಿಕೆಗಳೂ ಪದಗಳೊಳಗೆ ಉಳಿದುಬಿಟ್ಟಿವೆ. ಸತ್ತವರ ದೇಹದಲ್ಲಿ ಅಪಧಮನಿಗಳು ಬರಿದಾಗಿ ಕಂಡದ್ದರಿಂದ ಪ್ರಾಚೀನ ಗ್ರೀಕರು ಅವು ಗಾಳಿ ಒಯ್ಯುತ್ತವೆಂದು ತಿಳಿದರು. ಆರ್ಟೀರಿಯ ಎಂಬ ಹೆಸರು ಅವರಲ್ಲಿ ಶ್ವಾಸನಾಳಕ್ಕೂ ಇತ್ತು. ಅದರೊಳಗಿರುವುದು ರಕ್ತವೆಂದು ಗ್ಯಾಲೆನ್ ತೋರಿಸಿದ ಮೇಲೂ ಹೆಸರು ಬದಲಾಗಲಿಲ್ಲ. ಹಿಸ್ಟೀರಿಯ ಎಂಬುದಕ್ಕೆ ಗರ್ಭಕೋಶದ ಹೆಸರು ಅಂಟಿಕೊಂಡು ಹೆಂಗಸರ ಎಷ್ಟೋ ಸಂಕಟಗಳನ್ನು ಶತಮಾನಗಳ ಕಾಲ ಕೇಳದೆ ತಳ್ಳಿಹಾಕಲಾಯಿತು. ಮಲೇರಿಯ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ಗಾಳಿಯಲ್ಲ, ಸೊಳ್ಳೆ ಎಂದು 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಸೇನಾವೈದ್ಯನಾಗಿದ್ದವನು.

1835ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜು ತೆರೆದು ಇಂಗ್ಲಿಷಿನಲ್ಲಿ ವೈದ್ಯಕೀಯ ಕಲಿಸತೊಡಗಿದಲ್ಲಿಂದ ಈ ಪದಗಳು ನಮ್ಮ ದೇಶದ ತರಗತಿಗಳಲ್ಲಿ ಬೇರುಬಿಟ್ಟವು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ಹುಟ್ಟಿದ್ದು 1924ರಲ್ಲಿ. ಇವತ್ತು ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸೀಟು ಸಿಕ್ಕ ಮಾರನೆಯ ದಿನದಿಂದ ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಮೊದಲ ವರ್ಷ ಅನಾಟಮಿ ಪುಸ್ತಕದ ಮುಂದೆ ಕಣ್ಣು ತುಂಬಿಕೊಂಡು ಕೂರುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಆ ಪದಗಳು ಇಂಗ್ಲಿಷ್ ಮನೆಮಾತಿನವರಿಗೂ ಪರಕೀಯವೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಇಂಗ್ಲೆಂಡಿನ ಹುಡುಗನೂ ನೆಫ್ರೋಸ್ ಎಂಬುದನ್ನು ಹೊಸದಾಗಿಯೇ ಕಲಿಯಬೇಕು. ಯಕೃತ್ತು, ಅಸ್ಥಿ, ಆಂತ್ರ, ರುಧಿರ ಗೊತ್ತಿರುವ ನಮ್ಮ ಹುಡುಗಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದಾಳೆ. ಡಾ. ಡಿ.ಎಸ್. ಶಿವಪ್ಪನವರು ಕನ್ನಡದಲ್ಲಿ ವೈದ್ಯಕೀಯ ಪದಕೋಶ ಸಿದ್ಧಪಡಿಸಿದ್ದಲ್ಲದೆ ಪದಗಳ ಹುಟ್ಟು, ರಚನೆ ಕುರಿತೂ ಶ್ರದ್ಧೆಯಿಂದ ಬರೆದರು. ಅಂಥ ಕೆಲಸ ಲೈಬ್ರರಿಯ ಕಪಾಟಿನಲ್ಲಿ ಉಳಿಯಬಾರದು. ನರ್ಸಿಂಗ್, ಪ್ಯಾರಾಮೆಡಿಕಲ್, ಎಂಬಿಬಿಎಸ್ ಯಾವುದೇ ಇರಲಿ, ಮೊದಲ ತಿಂಗಳು ಇನ್ನೂರು ತುಂಡುಗಳನ್ನು ಕನ್ನಡದ ಸಂಧಿ ಸಮಾಸಗಳ ಜೊತೆಗಿಟ್ಟು ಕಲಿಸಿದರೆ ಸಾಕು, ಮುಂದಿನ ಸಾವಿರಾರು ಪದಗಳನ್ನು ಮಕ್ಕಳೇ ಬಿಡಿಸಿಕೊಳ್ಳುತ್ತಾರೆ.

ರೋಗಿಗೂ ಕೆಲವು ತುಂಡುಗಳು ಬೇಕೇ ಬೇಕು. ಔಷಧಿ ಚೀಟಿಯಲ್ಲಿ ಎಸ್‌ಓಎಸ್ ಎಂದು ಕಂಡವರು ಆಪತ್ತು ಎಂದುಕೊಳ್ಳುತ್ತಾರೆ. ಅದು ‘ಸಿ ಓಪಸ್ ಸಿಟ್’, ಅಗತ್ಯ ಬಿದ್ದರೆ ಮಾತ್ರ ತೆಗೆದುಕೊಳ್ಳಿ ಎಂಬ ಲ್ಯಾಟಿನ್. ಬಿಡಿ ಎಂದರೆ ದಿನಕ್ಕೆ ಎರಡು ಬಾರಿ, ಟಿಡಿಎಸ್ ಎಂದರೆ ಮೂರು ಬಾರಿ, ಎಚ್‌ಎಸ್ ಎಂದರೆ ಮಲಗುವ ಹೊತ್ತಿಗೆ. ಓಡಿ ಎಂದರೆ ದಿನಕ್ಕೊಮ್ಮೆ, ಆದರೆ ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದು ಬಲಗಣ್ಣು. ಇನ್ನೆರಡು ಪದಗಳನ್ನು ಪ್ರತಿಯೊಬ್ಬರೂ ತಿಳಿದಿರಬೇಕೆಂಬುದು ನನ್ನ ಆಗ್ರಹ. ಇಡಿಯೋಪತಿಕ್ ಎಂದರೆ ಕಾಯಿಲೆ ತಾನಾಗಿ ಬಂದದ್ದು, ಕಾರಣ ಇನ್ನೂ ತಿಳಿದಿಲ್ಲ. ಐಯಾಟ್ರೊಜೆನಿಕ್ ಎಂದರೆ ವೈದ್ಯನಿಂದ, ಚಿಕಿತ್ಸೆಯಿಂದಲೇ ಹುಟ್ಟಿದ್ದು. ಜೆನ್ ಎಂಬುದು ನಮ್ಮ ಜನನದ ಜನ್. ಈ ಎರಡನ್ನೂ ಕನ್ನಡದಲ್ಲಿ ನೇರವಾಗಿ ಹೇಳುವ ಡಾಕ್ಟರ ಮೇಲೆ ರೋಗಿಯ ನಂಬಿಕೆ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಹಂದಿಗೋಡು ಎಂಬ ಹಳ್ಳಿ ಇದೆ. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಬೆನ್ನು, ಮಂಡಿ ಹಿಡಿದುಕೊಂಡು ನಡೆಯಲಾಗದೆ ಹೋಗುವ ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಊರವರಿಗೆ ಅದು ಹಂದಿಗೋಡು ಕಾಯಿಲೆ. ಅಂದಿನ ವೈದ್ಯಕೀಯ ಬರಹಗಳಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಆರ್ಥ್ರೈಟಿಸ್ ಎಂದು ಕರೆದರು. ಮುಂದೆ ಎಕ್ಸ್‌ರೇ, ವಂಶಾವಳಿ ಎಲ್ಲ ನೋಡಿದ ಮೇಲೆ ಹೆಸರು ಬದಲಾಯಿತು: ಸ್ಪಾಂಡಿಲೊಎಪಿಮೆಟಾಫೈಸಿಯಲ್ ಡಿಸ್‌ಪ್ಲೇಸಿಯ, ಹಂದಿಗೋಡು ಬಗೆಯದು. ಬಿಡಿಸೋಣ. ಸ್ಪಾಂಡಿಲೋಸ್ ಬೆನ್ನುಮಣಿ. ಫೈಸಿಸ್ ಬೆಳವಣಿಗೆ, ಸಂಸ್ಕೃತದ ಭೂ ಧಾತುವಿನ ಬಂಧು. ಮೂಳೆ ಉದ್ದವಾಗುವ ಜಾಗಕ್ಕೆ ಆ ಹೆಸರು. ಎಪಿ ಅಂದರೆ ಅದರ ಮೇಲಿನ ತುದಿ, ಮೆಟಾ ಅಂದರೆ ಅದರ ಆಚೆಯ ಭಾಗ. ಡಿಸ್ ನಮ್ಮ ದುಸ್, ಪ್ಲೇಸಿಯ ರೂಪುಗೊಳ್ಳುವುದು. ಬೆನ್ನುಮಣಿಗಳೂ ಮೂಳೆಗಳ ಬೆಳೆಯುವ ತುದಿಗಳೂ ಸರಿಯಾಗಿ ರೂಪುಗೊಂಡಿಲ್ಲ ಎಂದು ಆ ಹೆಸರೇ ಹೇಳುತ್ತದೆ.

ಐಟಿಸ್ ಎಂಬ ಬಾಲ ಹೋಗಿ ಪ್ಲೇಸಿಯ ಬಂದದ್ದರಲ್ಲಿ ಆ ಮನೆಗಳ ಪಾಲಿಗೆ ದೊಡ್ಡ ವ್ಯತ್ಯಾಸವಿದೆ. ಐಟಿಸ್ ಎಂದಾಗ ಅದು ಉರಿಯೂತ, ತಿಂದದ್ದರಿಂದಲೋ ನೀರಿನಿಂದಲೋ ಬಂದಿರಬಹುದು ಎಂಬ ಊಹೆಗೆ ಜಾಗವಿತ್ತು. ಡಿಸ್‌ಪ್ಲೇಸಿಯ ಎಂದಾಗ ತೊಂದರೆ ಇರುವುದು ಮೂಳೆ ಬೆಳೆಯುವ ಕ್ರಮದಲ್ಲೇ. ಅದು ವಂಶವಾಹಿಯಲ್ಲಿ ಬರುತ್ತದೆ, ತಂದೆಗೋ ತಾಯಿಗೋ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮದುವೆ, ಮಕ್ಕಳ ವಿಚಾರದಲ್ಲಿ ಆ ಮನೆಯವರು ತಾವೇ ಯೋಚಿಸಿ ತೀರ್ಮಾನಿಸಬೇಕಾದ ಮಾತು ಇದು. ಅವರ ಕೈಯಲ್ಲಿರುವ ಕಾಗದದಲ್ಲಿ ಇಂಗ್ಲಿಷ್ ಲಿಪಿಯ ಆ ಉದ್ದ ಹೆಸರಿದ್ದರೆ, ಅದರ ಪಕ್ಕದಲ್ಲೇ ಕನ್ನಡದಲ್ಲಿ ಎರಡು ಸಾಲು ಬರೆದುಕೊಡುವುದು ಚಿಕಿತ್ಸೆಯದ್ದೇ ಭಾಗ. ಬರೆದದ್ದನ್ನು ಓದಿ ಹೇಳಲು, ಓದು ಬಾರದವರ ಬಳಿ ಕೂತು ಬಿಡಿಸಿ ಹೇಳಲು, ಊರಿನ ಆಶಾ ಕಾರ್ಯಕರ್ತೆಗೂ ಅದನ್ನು ಮೊದಲು ಕಲಿಸಿಕೊಟ್ಟಿರಬೇಕು.